ಒಂದು ಎಕರೆಯಿಂದ ಶೇಂಗಾ ಕೃಷಿ: ಬೀಜ ಕೊಳ್ಳುವುದರಿಂದ ಕಾಯಿ ಮಾರುವವರೆಗೆ

ಶೇಂಗಾ ಬೆಳೆಯಬೇಕೆಂದು ಹೊರಡುವ ಹೊಸಬರು ಸಾಮಾನ್ಯವಾಗಿ ಇಳುವರಿಯ ಲೆಕ್ಕದಿಂದ ಶುರು ಮಾಡುತ್ತಾರೆ. ಎಕರೆಗೆ ಇಷ್ಟು ಕ್ವಿಂಟಲ್, ಕ್ವಿಂಟಲಿಗೆ ಇಷ್ಟು ರೂಪಾಯಿ, ಹತ್ತು ಎಕರೆಗೆ ಇಷ್ಟು ಲಕ್ಷ. ನನ್ನ ಸಲಹೆ ಏನೆಂದರೆ, ಲೆಕ್ಕವನ್ನು ಬಿತ್ತನೆ ಬೀಜದಿಂದ ಶುರು ಮಾಡಿ. ಎಕರೆ ರಾಗಿಗೆ ಕೂರಿಗೆಯಲ್ಲಿ ನಾಲ್ಕೈದು ಕೆ.ಜಿ. ಬೀಜ ಸಾಕು. ಶೇಂಗಾಕ್ಕೆ ಸಿಪ್ಪೆ ಸುಲಿದ ಬೀಜವೇ 45ರಿಂದ 50 ಕೆ.ಜಿ. ಬೇಕು. ಅಂದರೆ ಮಳೆ ಬರುತ್ತದೋ ಇಲ್ಲವೋ ತಿಳಿಯುವ ಮೊದಲೇ ಬಂಡವಾಳದ ದೊಡ್ಡ ಪಾಲು ಮಣ್ಣಿನೊಳಗೆ ಹೋಗಿರುತ್ತದೆ. ಕೊನೆಯಲ್ಲಿ ಕಾಯಿ ಕಿತ್ತು ಒಣಗಿಸುವ ಹದಿನೈದು ದಿನಗಳೂ ಅಷ್ಟೇ ನಿರ್ಣಾಯಕ. ಈ ಎರಡು ಕಡೆ ಎಚ್ಚರವಾಗಿದ್ದವರಿಗೆ ಶೇಂಗಾ ಸಾಧಾರಣ ವರ್ಷದಲ್ಲೂ ಕೈ ಬಿಡುವುದಿಲ್ಲ.

ಈ ಲೇಖನ ಬರೆಯುವಾಗ ನನ್ನ ಕಣ್ಣ ಮುಂದಿರುವುದು ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು, ಪಾವಗಡ, ಶಿರಾ ಸೀಮೆಯ ಕೆಂಪು ಮಣ್ಣು. ವರ್ಷಕ್ಕೆ ಸುಮಾರು 500 ಮಿ.ಮೀ. ಮಳೆ ಬೀಳುವ, ಮುಂಗಾರನ್ನೇ ನಂಬಿದ ಪ್ರದೇಶ. ಗದಗ, ಧಾರವಾಡದ ಎರೆ ಭೂಮಿಯಲ್ಲೂ ರಾಯಚೂರು, ಯಾದಗಿರಿಯ ನೀರಾವರಿಯಲ್ಲೂ ಶೇಂಗಾ ಚೆನ್ನಾಗಿ ಬರುತ್ತದೆ. ಅಲ್ಲಿನ ರೈತರು ಬಿತ್ತನೆಯ ಕಾಲ ಮತ್ತು ತಳಿಯನ್ನು ತಮ್ಮ ಭಾಗಕ್ಕೆ ಹೊಂದಿಸಿಕೊಳ್ಳಬೇಕು. ಉಳಿದ ಕ್ರಮಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಮೊದಲು: ಯಾರಿಗೆ ಮಾರುತ್ತೀರಿ?

ಬಿತ್ತುವ ಮೊದಲೇ ಇದು ನಿರ್ಧಾರವಾಗಬೇಕು, ಏಕೆಂದರೆ ತಳಿಯ ಆಯ್ಕೆ ಇದನ್ನೇ ಅವಲಂಬಿಸಿದೆ. ನಿಮ್ಮ ಮುಂದೆ ಮುಖ್ಯವಾಗಿ ನಾಲ್ಕು ದಾರಿಗಳಿವೆ.

ಒಣಗಿದ ಕಾಯಿಯನ್ನು ಎ.ಪಿ.ಎಂ.ಸಿ. ಮಾರುಕಟ್ಟೆಗೆ ಒಯ್ಯುವುದು ಎಲ್ಲರೂ ಹಿಡಿಯುವ ದಾರಿ. ಎಣ್ಣೆ ಗಿರಣಿಗಳಿಂದಾಗಿ ‘ಎಣ್ಣೆ ನಗರ’ ಎಂದೇ ಹೆಸರಾದ ಚಳ್ಳಕೆರೆ ಈ ಭಾಗಕ್ಕೆ ದೊಡ್ಡ ಮಾರುಕಟ್ಟೆ. ಎರಡನೆಯದು ಬೀಜೋತ್ಪಾದನೆ. ಕರ್ನಾಟಕ ರಾಜ್ಯ ಬೀಜ ನಿಗಮ ರೈತರ ಹೊಲಗಳಲ್ಲಿ ಬೀಜ ಬೆಳೆಸುತ್ತದೆ. ಬೆಲೆ ಸಾಮಾನ್ಯ ಕಾಯಿಗಿಂತ ಮೇಲು, ಆದರೆ ಬೆರಕೆ ಗಿಡ ಕೀಳುವ ಶಿಸ್ತು ಬೇಕು, ತಪಾಸಣೆಗೆ ಹೊಲ ಒಪ್ಪಿಸಬೇಕು, ನೀರಾವರಿ ಇದ್ದರೆ ಒಳ್ಳೆಯದು. ಮೊದಲ ವರ್ಷವೇ ಇದಕ್ಕೆ ಕೈ ಹಾಕುವುದು ಬೇಡ. ಮೂರನೆಯದು ಹಸಿ ಕಾಯಿ. ಬೆಂಗಳೂರು, ತುಮಕೂರಿನಂಥ ಊರುಗಳಲ್ಲಿ ಬೇಯಿಸಿ ತಿನ್ನುವವರು ಬಹಳ. ಒಣಗಿಸುವ ತೊಂದರೆಯೇ ಇರುವುದಿಲ್ಲ, ಆದರೆ ಕಿತ್ತ ದಿನವೇ ಅಥವಾ ಮರುದಿನವೇ ಮಾಲು ಊರು ಮುಟ್ಟಬೇಕು. ಕೊಳವೆಬಾವಿ ಇದ್ದು, ಪೇಟೆಗೆ ಹತ್ತಿರವಿರುವವರು ಒಂದಿಷ್ಟು ಜಾಗವನ್ನು ಇದಕ್ಕೇ ಮೀಸಲಿಡಬಹುದು. ನಾಲ್ಕನೆಯದು ನಿಮ್ಮದೇ ಕಾಯಿಯಿಂದ ಗಾಣದ ಎಣ್ಣೆ ತೆಗೆಸಿ ಮಾರುವುದು. ಅದರ ಲೆಕ್ಕ ಕೊನೆಗೆ ಹೇಳುತ್ತೇನೆ.

ಒಂದು ಎಕರೆಯ ಲೆಕ್ಕ

ಒಂದು ಹಾಳೆಯಲ್ಲಿ ಖರ್ಚನ್ನು ನಿಮ್ಮ ಊರಿನ ದರದಲ್ಲೇ ಬರೆಯಿರಿ: ಉಳುಮೆ, ಕೊಟ್ಟಿಗೆ ಗೊಬ್ಬರ, ಬೀಜ, ಬೀಜೋಪಚಾರ, ಬಿತ್ತನೆ ಬಾಡಿಗೆ, ರಸಗೊಬ್ಬರ, ಜಿಪ್ಸಂ, ಕಳೆ, ಔಷಧ, ಕೀಳುವ ಕೂಲಿ, ಕಾಯಿ ಬಿಡಿಸುವ ಕೂಲಿ ಅಥವಾ ಯಂತ್ರದ ಬಾಡಿಗೆ, ಚೀಲ, ಸಾಗಣೆ. ಮನೆಯವರ ದುಡಿಮೆಗೂ ಕೂಲಿ ಹಾಕಿ. ಅದನ್ನು ಬಿಟ್ಟರೆ ಲಾಭವೆಂದು ಕಾಣುವುದು ನಿಜದಲ್ಲಿ ಮನೆಯವರ ಕೂಲಿಯೇ ಆಗಿರುತ್ತದೆ. ಬೀಜ ಮತ್ತು ಸುಗ್ಗಿಯ ಕೂಲಿ, ಇವೆರಡೇ ಎಲ್ಲಕ್ಕಿಂತ ದೊಡ್ಡ ಬಾಬತ್ತುಗಳಾಗಿ ಕಾಣುತ್ತವೆ.

ಉದಾಹರಣೆಗೆ ಎಲ್ಲ ಸೇರಿ ಎಕರೆಗೆ 30,000 ರೂಪಾಯಿ ತಗುಲಿತೆಂದು ಇಟ್ಟುಕೊಳ್ಳಿ. 2025-26ರ ಸಾಲಿಗೆ ಕೇಂದ್ರ ಸರ್ಕಾರ ಶೇಂಗಾಕ್ಕೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ. ಆ ದರದಲ್ಲಿ ಹಾಕಿದ ದುಡ್ಡು ವಾಪಸಾಗಲು ನಾಲ್ಕು ಕ್ವಿಂಟಲಿಗಿಂತ ಸ್ವಲ್ಪ ಹೆಚ್ಚು ಬೇಕು. ಸುಗ್ಗಿಯ ದಿನಗಳಲ್ಲಿ ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಕೆಳಗಿಳಿಯುವುದುಂಟು. ಅದು 6,000ಕ್ಕೆ ಇಳಿದರೆ ಐದು ಕ್ವಿಂಟಲ್ ಬೇಕು. ಮಳೆಯಾಶ್ರಯದಲ್ಲಿ ಸಾಧಾರಣ ವರ್ಷ ಮೂರರಿಂದ ಐದು ಕ್ವಿಂಟಲ್, ಮಳೆ ಕೈ ಹಿಡಿದರೆ ಆರೇಳು, ನೀರಾವರಿಯಲ್ಲಿ ಚೆನ್ನಾಗಿ ಮಾಡಿದರೆ ಎಂಟರಿಂದ ಹನ್ನೆರಡು ಕ್ವಿಂಟಲ್ ಬರುತ್ತದೆ. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬರೀ ಮಳೆಯಾಶ್ರಯದಲ್ಲಿ ಹತ್ತು ಎಕರೆ ಗುತ್ತಿಗೆ ಹಿಡಿದು ಶುರು ಮಾಡುವುದು ಏಕೆ ಬೇಡವೆನ್ನುತ್ತೇನೆಂದು ತಿಳಿಯುತ್ತದೆ. ಒಂದೆರಡು ಎಕರೆ ಮಾಡಿ, ಒಂದು ಹಂಗಾಮು ಪೂರ್ತಿ ನೋಡಿ, ಆಮೇಲೆ ವಿಸ್ತರಿಸಿ. ಹೊಟ್ಟನ್ನು, ಅಂದರೆ ಕಾಯಿ ಬಿಡಿಸಿದ ಮೇಲೆ ಉಳಿಯುವ ಒಣ ಬಳ್ಳಿಯನ್ನು, ಆದಾಯದ ಲೆಕ್ಕಕ್ಕೆ ಸೇರಿಸಲು ಮರೆಯಬೇಡಿ. ಕುರಿ, ದನ ಸಾಕುವವರು ಶೇಂಗಾ ಹೊಟ್ಟನ್ನು ಒಳ್ಳೆಯ ಬೆಲೆ ಕೊಟ್ಟು ಕೊಳ್ಳುತ್ತಾರೆ.

ಕಾಗದಪತ್ರದ ಕೆಲಸವನ್ನೂ ಇದೇ ಹಂತದಲ್ಲಿ ಮುಗಿಸಿ. ರಾಜ್ಯ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಾಯಿಸಿ ರೈತರ ಗುರುತಿನ ಸಂಖ್ಯೆ ಪಡೆಯಿರಿ, ನಿಮ್ಮ ಎಲ್ಲ ಸರ್ವೆ ನಂಬರುಗಳು ಅದಕ್ಕೆ ಸೇರಿವೆಯೇ ನೋಡಿಕೊಳ್ಳಿ. ಸಹಾಯಧನದ ಬೀಜಕ್ಕೂ ಬೆಂಬಲ ಬೆಲೆ ಖರೀದಿಗೂ ಅದೇ ಬೇಕು. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲದ ಎದುರು ಶೇಂಗಾ ಎಂದೇ ದಾಖಲಾಗಬೇಕು. ಸಹಕಾರ ಸಂಘದ ಸದಸ್ಯರಿಗೆ ರಾಜ್ಯದಲ್ಲಿ ಐದು ಲಕ್ಷ ರೂಪಾಯಿವರೆಗೆ ಬಡ್ಡಿರಹಿತ ಬೆಳೆ ಸಾಲದ ಸೌಲಭ್ಯವಿದೆ. ಬೆಳೆ ವಿಮೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಎಣ್ಣೆಕಾಳಿಗೆ ರೈತರ ಕಂತು ವಿಮಾ ಮೊತ್ತದ ಶೇ 2 ಮಾತ್ರ. ಆದರೆ ಪರಿಹಾರ ಬರುವುದು ನಿಮ್ಮೊಬ್ಬರ ಹೊಲ ನೋಡಿ ಅಲ್ಲ, ಇಡೀ ಪಂಚಾಯಿತಿ ಅಥವಾ ಹೋಬಳಿಯಲ್ಲಿ ಬೆಳೆ ಕಟಾವು ಪ್ರಯೋಗದ ಸರಾಸರಿ ನೋಡಿ. ಆಲಿಕಲ್ಲು, ಹೊಲ ಮುಳುಗಡೆಯಂಥ ಸ್ಥಳೀಯ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. ಗುತ್ತಿಗೆಗೆ ಅಥವಾ ಕೋರಿಗೆ (ಬೆಳೆಯ ಪಾಲಿಗೆ) ಮಾಡುವವರು ಪಹಣಿಯ ಮಾಲೀಕರೊಂದಿಗೆ ವಿಮೆ ಹಣ ಮತ್ತು ಬೆಂಬಲ ಬೆಲೆ ಹಣ ಯಾರ ಖಾತೆಗೆ ಬರುತ್ತದೆ, ಹೇಗೆ ಹಂಚಿಕೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ.

ಭೂಮಿ

ನೀರು ಬಸಿದು ಹೋಗುವ, ಸಡಿಲವಾದ ಮರಳುಮಿಶ್ರಿತ ಕೆಂಪು ಮಣ್ಣು ಶೇಂಗಾಕ್ಕೆ ಹೇಳಿ ಮಾಡಿಸಿದ್ದು. ಜಿಗುಟು ಮಣ್ಣಿನಲ್ಲಿ ಕೀಳುವಾಗ ಕಾಯಿ ಕಿತ್ತು ಒಳಗೇ ಉಳಿಯುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ರಸಸಾರ (ಪಿ.ಎಚ್.) 6ರಿಂದ 7.5ರೊಳಗೆ ಇದ್ದರೆ ಚಿಂತೆಯಿಲ್ಲ.

ಕಳೆದ ವರ್ಷ ಆ ಹೊಲದಲ್ಲಿ ಏನಿತ್ತೆಂದು ತಪ್ಪದೆ ವಿಚಾರಿಸಿ. ವರ್ಷ ವರ್ಷವೂ ಶೇಂಗಾ ಮೇಲೆ ಶೇಂಗಾ ಹಾಕಿದ ಹೊಲದಲ್ಲಿ ಬುಡ ಕೊಳೆಸುವ ಶಿಲೀಂಧ್ರ, ಬೇರು ತಿನ್ನುವ ಗೊಣ್ಣೆ ಹುಳು ನೆಲೆಯೂರಿರುತ್ತವೆ. ನಮ್ಮ ಬಯಲುಸೀಮೆಯ ಇಳುವರಿ ಕುಸಿತಕ್ಕೆ ಮಳೆಯ ಜೊತೆಗೆ ಈ ಒಂದೇ ಬೆಳೆಯ ಪದ್ಧತಿಯೂ ಕಾರಣ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳದ ನಂತರದ ಹೊಲ ಹಿಡಿಯಿರಿ. ಮಾಗಿ ಉಳುಮೆ (ಹಿಂದಿನ ಸುಗ್ಗಿಯ ನಂತರ ಆಳವಾಗಿ ಉಳುವುದು) ಮಾಡಿದರೆ ಮಣ್ಣಿನಲ್ಲಿರುವ ಹುಳುಗಳು, ಕೋಶಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗೂ ಸಿಗುತ್ತವೆ. ಎಕರೆಗೆ ಮೂರು ಟನ್ನಿನಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ. ಕಳಿಯದ ಹಸಿ ಸಗಣಿ ಗೊಬ್ಬರ ಹಾಕಿದರೆ ಗೊಣ್ಣೆ ಹುಳುವನ್ನು ನೀವೇ ಹೊಲಕ್ಕೆ ಕರೆತಂದಂತೆ.

ತಳಿ ಮತ್ತು ಬೀಜ

1940ರಲ್ಲಿ ಬಿಡುಗಡೆಯಾದ ಟಿ.ಎಂ.ವಿ.-2 ಎಂಬ ತಳಿ ಇಂದಿಗೂ ನಮ್ಮ ಹೊಲಗಳಲ್ಲಿದೆ. ಒಣಹವೆಗೆ ಒಗ್ಗಿದೆ, ಮಾರುಕಟ್ಟೆಯಲ್ಲಿ ಎಲ್ಲರಿಗೂ ಗೊತ್ತಿದೆ. ಆದರೆ ಎಲೆಚುಕ್ಕೆ, ತುಕ್ಕು ರೋಗಗಳನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿ.ಪಿ.ಬಿ.ಡಿ.-4 ಈ ಎರಡೂ ರೋಗಗಳನ್ನು ತಾಳಿಕೊಳ್ಳುತ್ತದೆ, ಎಣ್ಣೆಯ ಅಂಶವೂ ಚೆನ್ನಾಗಿದೆ. ಆಂಧ್ರದ ಕದಿರಿ ಸಂಶೋಧನಾ ಕೇಂದ್ರದಿಂದ ಬಂದ ಕೆ-6 ಮತ್ತು ಕದಿರಿ ಲೇಪಾಕ್ಷಿ ಗಡಿ ತಾಲ್ಲೂಕುಗಳಲ್ಲಿ ಹಬ್ಬಿವೆ. ಬರ ತಾಳುವ ತಳಿ ಬೇಕೆನ್ನುವವರಿಗೆ ಹೈದರಾಬಾದಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮೂಲದ ಐ.ಸಿ.ಜಿ.ವಿ. 91114 ಇದೆ. ಬೇಸಿಗೆ ನೀರಾವರಿಗೆ ಮುಂಬೈನ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಟಿ.ಎ.ಜಿ.-24 ಚೆನ್ನ. ಹೊಸ ತಳಿ ಆರಿಸುವ ಮೊದಲು ನೀವು ಮಾರುವ ಮಾರುಕಟ್ಟೆಯ ಇಬ್ಬರು ವರ್ತಕರನ್ನು ಹೋಗಿ ಕೇಳಿ: ಈ ತಳಿಯ ಕಾಯಿಗೆ ಏನು ದರ ಕೊಡುತ್ತೀರಿ? ಗಿಡದಲ್ಲಿ ಗೊಂಚಲು ಗೊಂಚಲಾಗಿ ಕಾಯಿ ಕಂಡರೂ ಸಿಪ್ಪೆ ದಪ್ಪವಿದ್ದು ಬೀಜದ ತೂಕ ಕಡಿಮೆಯಿದ್ದರೆ ವರ್ತಕರು ದರ ಇಳಿಸುತ್ತಾರೆ.

ಬೀಜದ ಪ್ರಮಾಣವನ್ನು ಯಾರೋ ಹೇಳಿದ್ದನ್ನು ಕೇಳಿ ಹಾಕುವುದಕ್ಕಿಂತ ನೀವೇ ಲೆಕ್ಕ ಹಾಕಬಹುದು. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರವಿಟ್ಟರೆ ಎಕರೆಯಲ್ಲಿ ಸುಮಾರು 1,35,000 ಗಿಡ. ನೂರು ಬೀಜದ ತೂಕ 35 ಗ್ರಾಂ ಇದ್ದರೆ 47 ಕೆ.ಜಿ. ಬೇಕಾಗುತ್ತದೆ. ಬೀಜ ದಪ್ಪವಿದ್ದರೆ ಹೆಚ್ಚು, ಸಣ್ಣದಿದ್ದರೆ ಕಡಿಮೆ. ಅಡುಗೆಮನೆಯ ತಕ್ಕಡಿಯಲ್ಲಿ ನೂರು ಬೀಜ ತೂಗಿ ನೋಡಿದರೆ ಅಂದಾಜು ಸಿಕ್ಕಿಬಿಡುತ್ತದೆ.

ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಪ್ರಮಾಣಿತ ಬೀಜ ಸಿಗುತ್ತದೆ. ಎಲ್ಲಿಂದ ತಂದರೂ ಮೊಳಕೆ ಪರೀಕ್ಷೆ ಮಾಡದೆ ಬಿತ್ತಬೇಡಿ. ನೂರು ಬೀಜ ಎಣಿಸಿ, ಒದ್ದೆ ಗೋಣಿಪಟ್ಟೆಯ ಮೇಲೆ ಸಾಲಾಗಿ ಇಟ್ಟು, ಸುತ್ತಿ, ನೆರಳಲ್ಲಿಟ್ಟು, ಆರದಂತೆ ನೀರು ಚಿಮುಕಿಸಿ. ಒಂದು ವಾರದಲ್ಲಿ ಬಿಚ್ಚಿ ಎಣಿಸಿ. ಪ್ರಮಾಣಿತ ಬೀಜಕ್ಕೆ ಕನಿಷ್ಠ ಶೇ 70 ಮೊಳಕೆ ಇರಬೇಕೆಂಬುದು ನಿಯಮ. ಅದಕ್ಕಿಂತ ಕಡಿಮೆ ಬಂದರೆ ಆ ಬೀಜ ಬಿತ್ತನೆಗೆ ಬೇಡ. ಕಾಯಿಯ ರೂಪದಲ್ಲಿ ಬೀಜ ತಂದಿದ್ದರೆ ಬಿತ್ತನೆಗೆ ಒಂದು ವಾರ ಇರುವಾಗ ಕೈಯಲ್ಲೇ ಸುಲಿಸಿ. ಯಂತ್ರದಲ್ಲಿ ಸುಲಿದರೆ ಮೇಲಿನ ತೆಳು ಕೆಂಪು ಸಿಪ್ಪೆ ಹರಿಯುತ್ತದೆ, ಬೀಜ ಸೀಳುತ್ತದೆ. ಸಿಪ್ಪೆ ಹರಿದ ಬೀಜ ಮಣ್ಣಿನ ಶಿಲೀಂಧ್ರಕ್ಕೆ ಬೇಗ ತುತ್ತಾಗುತ್ತದೆ. ಸುಕ್ಕಾದ, ಮುರುಟಿದ, ಒಡೆದ ಬೀಜಗಳನ್ನೆಲ್ಲ ಆರಿಸಿ ತೆಗೆಯಿರಿ.

ಬೀಜೋಪಚಾರಕ್ಕೆ, ರೋಗದ ಶಿಲೀಂಧ್ರವನ್ನು ತಡೆಯುವ ಟ್ರೈಕೋಡರ್ಮಾವನ್ನು ಕೆ.ಜಿ. ಬೀಜಕ್ಕೆ 4ರಿಂದ 10 ಗ್ರಾಂ ಲೇಪಿಸಿ, ಜೊತೆಗೆ ಶೇಂಗಾದ ರೈಜೋಬಿಯಂ ಜೀವಾಣುವನ್ನು ಬೆಲ್ಲದ ಅಂಟಿನಲ್ಲಿ ಲೇಪಿಸಿ ನೆರಳಲ್ಲಿ ಆರಿಸಿ. ರಾಸಾಯನಿಕ ಶಿಲೀಂಧ್ರನಾಶಕ ಬಳಸುವುದಾದರೆ ಅದನ್ನು ಮೊದಲು ಲೇಪಿಸಿ, ಪೂರ್ತಿ ಆರಿದ ಮೇಲೆ, ಬಿತ್ತುವ ಹೊತ್ತಿಗೆ ಸ್ವಲ್ಪ ಮೊದಲು ರೈಜೋಬಿಯಂ ಹಚ್ಚಿ. ಟ್ರೈಕೋಡರ್ಮಾ ಮತ್ತು ಶಿಲೀಂಧ್ರನಾಶಕವನ್ನು ಒಟ್ಟಿಗೆ ಹಚ್ಚುವುದರಲ್ಲಿ ಅರ್ಥವಿಲ್ಲ, ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ.

ಬಿತ್ತನೆ

ಮಳೆಯಾಶ್ರಯಕ್ಕೆ ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ ಕಾಲ. ಮೃಗಶಿರ, ಆರಿದ್ರಾ ಮಳೆ ಹದವಾಗಿ ಬಿದ್ದು ಮಣ್ಣು ಗೇಣುದ್ದ ನೆನೆದ ಮೇಲೆ ಬಿತ್ತಿ. ಮೇಲ್ಪದರ ಮಾತ್ರ ಒದ್ದೆಯಾದ ಮಳೆಗೆ ಆತುರಪಟ್ಟು ಬಿತ್ತಿದರೆ ಎಕರೆಗೆ 47 ಕೆ.ಜಿ. ಬೀಜ ಅರ್ಧ ಊದಿಕೊಂಡು ಕೊಳೆಯುತ್ತದೆ. ಬೇಸಿಗೆ ಬೆಳೆಗೆ ಜನವರಿ ಸೂಕ್ತ. ಬೀಜ 5 ಸೆಂ.ಮೀ. ಆಳಕ್ಕೆ ಬೀಳಲಿ. ಟ್ರ್ಯಾಕ್ಟರ್ ಕೂರಿಗೆಯಾದರೆ ಮೊದಲ ಸಾಲು ಬಿತ್ತಿದೊಡನೆ ಇಳಿದು ಮಣ್ಣು ಕೆದಕಿ ಆಳವನ್ನೂ ಅಂತರವನ್ನೂ ನೋಡಿ, ಆಮೇಲೆ ಮುಂದುವರಿಸಿ.

ಎಂಟು ಸಾಲು ಶೇಂಗಾಕ್ಕೆ ಒಂದು ಸಾಲು ತೊಗರಿ ಹಾಕುವುದು ನಮ್ಮ ಕಡೆಯ ಹಳೆಯ ರೂಢಿ. ಶೇಂಗಾ ಕಿತ್ತ ಮೇಲೆ ತೊಗರಿ ಹರಡಿಕೊಂಡು ಹಿಂಗಾರು ಮಳೆಯಲ್ಲಿ ಕಾಯಿ ಕಟ್ಟುತ್ತದೆ. ಒಂದು ಬೆಳೆ ಕೈಕೊಟ್ಟರೂ ಇನ್ನೊಂದು ಖರ್ಚಿನ ಒಂದಿಷ್ಟನ್ನಾದರೂ ತುಂಬುತ್ತದೆ. ಹೊಲದ ಸುತ್ತ ನಾಲ್ಕು ಸಾಲು ಜೋಳ ಅಥವಾ ಸಜ್ಜೆ ಒತ್ತಾಗಿ ಹಾಕಿ, ಅದರ ಪ್ರಯೋಜನ ಮುಂದೆ ತಿಳಿಯುತ್ತದೆ.

ಮಳೆಯಾಶ್ರಯದ ಶಿಫಾರಸು ಎಕರೆಗೆ ಸಾರಜನಕ 10, ರಂಜಕ 20, ಪೊಟ್ಯಾಷ್ 10 ಕೆ.ಜಿ. ರಂಜಕವನ್ನು ಡಿ.ಎ.ಪಿ. ಬದಲು ಸಿಂಗಲ್ ಸೂಪರ್ ಫಾಸ್ಫೇಟ್ ರೂಪದಲ್ಲಿ ಕೊಡಿ. ಎರಡೂವರೆ ಚೀಲ, ಅಂದರೆ 125 ಕೆ.ಜಿ. ಹಾಕಿದರೆ ರಂಜಕದ ಜೊತೆಗೆ ಶೇಂಗಾಕ್ಕೆ ಬೇಕಾದ ಗಂಧಕ ಮತ್ತು ಸುಣ್ಣದ ಅಂಶವೂ ಸಿಗುತ್ತದೆ. ಡಿ.ಎ.ಪಿ.ಯಲ್ಲಿ ಅವೆರಡೂ ಇಲ್ಲ. ಇದರೊಂದಿಗೆ ಯೂರಿಯಾ 22 ಕೆ.ಜಿ., ಮ್ಯುರಿಯೇಟ್ ಆಫ್ ಪೊಟ್ಯಾಷ್ 17 ಕೆ.ಜಿ. ಸಾಕು. ಮಣ್ಣು ಪರೀಕ್ಷೆಯಲ್ಲಿ ಸತುವಿನ ಕೊರತೆ ಕಂಡರೆ ಎಕರೆಗೆ 10 ಕೆ.ಜಿ. ಸತುವಿನ ಸಲ್ಫೇಟ್. ಯೂರಿಯಾ ಜಾಸ್ತಿ ಹಾಕುವ ಆಸೆ ಬೇಡ. ಬಳ್ಳಿ ಸೊಕ್ಕಿ ಬೆಳೆಯುತ್ತದೆ, ಕಾಯಿ ಕಡಿಮೆಯಾಗುತ್ತದೆ.

ಬೇರು ತನ್ನ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಸುಲಭ. ತಿಂಗಳ ಬೆಳೆಯಲ್ಲಿ ಒಂದು ಗಿಡವನ್ನು ಮಣ್ಣುಸಮೇತ ಅಗೆದು ತೆಗೆದು, ನೀರಲ್ಲಿ ಅದ್ದಿ ತೊಳೆಯಿರಿ. ಬೇರಿನ ಮೇಲೆ ಸಾಸಿವೆ ಕಾಳಿನಷ್ಟು ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಗಾಳಿಯ ಸಾರಜನಕ ಗಿಡಕ್ಕೆ ಸೇರುತ್ತಿದೆ, ಮೇಲೆ ಯೂರಿಯಾ ಬೇಕಿಲ್ಲ. ಬಿಳಿಯಾಗಿಯೋ ಹಸಿರಾಗಿಯೋ ಇದ್ದರೆ ಗಂಟು ಕೆಲಸ ಮಾಡುತ್ತಿಲ್ಲ, ಮುಂದಿನ ಸಲ ರೈಜೋಬಿಯಂ ಉಪಚಾರ ಇನ್ನಷ್ಟು ಜಾಗ್ರತೆಯಿಂದ ಆಗಬೇಕು.

ಮೊದಲ 45 ದಿನ: ಕಳೆ ಮತ್ತು ಜಿಪ್ಸಂ

ಬಿತ್ತಿದ 25-30 ದಿನಕ್ಕೆ ಹಳದಿ ಹೂ ಕಾಣುತ್ತದೆ. ಹೂವಿನ ಬುಡದಿಂದ ಸೂಜಿಯಂಥ ಊಡು ಹೊರಟು ಮಣ್ಣಿಗಿಳಿದು, ಅದರ ತುದಿ ಒಳಗೆ ಕಾಯಿಯಾಗುತ್ತದೆ. ಊಡು ಇಳಿಯತೊಡಗಿದ ಮೇಲೆ ಸಾಲುಗಳ ನಡುವೆ ಕಳೆಗೆ ಎಡೆಕುಂಟೆ ಹೊಡೆದರೆ ಅದು ಕಡಿದು ಹೋಗುತ್ತದೆ. ಆದ್ದರಿಂದ ಕಳೆಯ ಕೆಲಸವೆಲ್ಲ ಅದಕ್ಕೆ ಮೊದಲೇ ಮುಗಿಯಬೇಕು. ಆಳು ಸಿಗದ ಕಡೆ ಬಿತ್ತಿದ ಮೂರು ದಿನದೊಳಗೆ, ಮಣ್ಣಿನಲ್ಲಿ ತೇವವಿರುವಾಗ, ಪೆಂಡಿಮೆಥಾಲಿನ್ ಶೇ 30ರ ಕಳೆನಾಶಕವನ್ನು ಎಕರೆಗೆ ಸುಮಾರು 1.3 ಲೀಟರ್ ಲೆಕ್ಕದಲ್ಲಿ ಸಿಂಪಡಿಸಬಹುದು. ಅದಾದ ಮೇಲೆ 20 ಮತ್ತು 35ನೇ ದಿನದ ಹೊತ್ತಿಗೆ ಎರಡು ಸಲ ಎಡೆಕುಂಟೆ.

ಎರಡನೇ ಎಡೆಕುಂಟೆಯ ಜೊತೆಗೆ ಎಕರೆಗೆ 200 ಕೆ.ಜಿ. ಜಿಪ್ಸಂ ಅನ್ನು ಗಿಡದ ಬುಡದ ಸಾಲಿನಲ್ಲಿ ಹಾಕಿ ಮಣ್ಣು ಏರಿಸಿ. ಹೊಸಬರು ‘ಗೊಬ್ಬರ ಹಾಕಿದ್ದೇವಲ್ಲ’ ಎಂದು ಕೈಬಿಡುವುದು ಇದನ್ನೇ. ಜಿಪ್ಸಂನಿಂದ ಸಿಗುವುದು ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಬೇರು ಹೀರಿದ ಸುಣ್ಣದ ಅಂಶ ನೀರಿನ ಜೊತೆ ಎಲೆಗೆ ಏರುತ್ತದೆ, ಅಲ್ಲಿಂದ ಮತ್ತೆ ಕೆಳಗಿಳಿದು ಕಾಯಿಗೆ ಬರುವುದಿಲ್ಲ. ಮಣ್ಣೊಳಗಿನ ಕಾಯಿ ತನ್ನ ಸುತ್ತಲಿನ ಮಣ್ಣಿನಿಂದ ತಾನೇ ಅದನ್ನು ಹೀರಿಕೊಳ್ಳಬೇಕು. ಹೀಗಾಗಿ ಕಾಯಿ ಕಟ್ಟುವ ಮೇಲಿನ ಮೂರ್ನಾಲ್ಕು ಬೆರಳಿನ ಪದರದಲ್ಲಿ ಕರಗಿದ ಸುಣ್ಣದ ಅಂಶ ಆ ಕಾಲಕ್ಕೆ ಸರಿಯಾಗಿ ಇರಬೇಕು. ಇಲ್ಲದಿದ್ದರೆ ಕಾಯಿ ನೋಡಲು ದಪ್ಪ, ಒಡೆದರೆ ಒಳಗೆ ಪೊಳ್ಳು. ಆ ಪದರ ಒಣಗಿದ್ದರೆ ಜಿಪ್ಸಂ ಇದ್ದೂ ಪ್ರಯೋಜನವಿಲ್ಲ, ಅದಕ್ಕೇ ಮಳೆ ನೋಡಿಕೊಂಡು ಹಾಕಬೇಕು.

ಕೀಟ, ರೋಗ

ವಾರಕ್ಕೆ ಎರಡು ಸಲ ಹೊಲದೊಳಗೆ ಅಡ್ಡಡ್ಡ ನಡೆದು ನೋಡುವವರಿಗೆ ಔಷಧದ ಖರ್ಚು ಕಡಿಮೆ. ಬದುವಿನ ಮೇಲೆ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ.

ಗೊಣ್ಣೆ ಹುಳು ಕೆಂಪು ಮಣ್ಣಿನ ದೊಡ್ಡ ಶತ್ರು. ಬೇರು ತಿಂದು ಸಾಲು ಸಾಲಾಗಿ ಗಿಡ ಒಣಗಿಸುತ್ತದೆ. ಮೊದಲ ಹದ ಮಳೆಯ ನಂತರ ಇದರ ದುಂಬಿಗಳು ಸಂಜೆ ಮಣ್ಣಿನಿಂದೆದ್ದು ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ಆ ದಿನಗಳಲ್ಲಿ ಊರಿನವರು ಒಟ್ಟಾಗಿ ಕೊಂಬೆ ಅಲುಗಿಸಿ ದುಂಬಿ ಆರಿಸಿ ಸೀಮೆಎಣ್ಣೆ ನೀರಿಗೆ ಹಾಕಿದರೆ ಆ ವರ್ಷದ ಮೊಟ್ಟೆಯೇ ತಪ್ಪುತ್ತದೆ. ಒಬ್ಬರೇ ಮಾಡಿದರೆ ಪಕ್ಕದ ಹೊಲದ್ದು ಬರುತ್ತದೆ. ಕಂಬಳಿ ಹುಳುವಿನದ್ದೂ ಇದೇ ಕತೆ. ಎಲೆಯ ಅಡಿಯಲ್ಲಿ ಗುಂಪಾಗಿ ಕುಳಿತ ಮರಿಗಳನ್ನು ಎಲೆಸಮೇತ ಕಿತ್ತು ನಾಶ ಮಾಡುವುದು ಸುಲಭ. ದೊಡ್ಡವಾಗಿ ಮೈತುಂಬ ಕೂದಲು ಬಂದ ಮೇಲೆ ಔಷಧಕ್ಕೂ ಜಗ್ಗುವುದಿಲ್ಲ. ಹೊಲದಲ್ಲಿ ಅಲ್ಲಲ್ಲಿ ಅಲಸಂದೆ ಹಾಕಿದರೆ ಚಿಟ್ಟೆಗಳು ಅದರ ಮೇಲೆ ಹೆಚ್ಚು ಮೊಟ್ಟೆಯಿಡುತ್ತವೆ, ಹುಡುಕುವ ಶ್ರಮ ಉಳಿಯುತ್ತದೆ.

ಥ್ರಿಪ್ಸ್ ನುಸಿ ತಾನು ಮಾಡುವ ಹಾನಿಗಿಂತ ತರುವ ನಂಜುರೋಗ (ವೈರಸ್ ರೋಗ) ಅಪಾಯಕಾರಿ. 2000ದಲ್ಲಿ ಪಾವಗಡಕ್ಕೆ ಹೊಂದಿಕೊಂಡಿರುವ ಅನಂತಪುರ ಜಿಲ್ಲೆಯಲ್ಲಿ ಕಾಂಡ ಒಣಗುವ ನಂಜುರೋಗ ಲಕ್ಷಾಂತರ ಎಕರೆ ಶೇಂಗಾವನ್ನು ಹಾಳುಗೆಡವಿತು. ನಂಜಿಗೆ ಮನೆಯಾಗಿದ್ದದ್ದು ಪಾರ್ಥೇನಿಯಂ. ಅದರ ಪರಾಗದ ಮೂಲಕ, ಥ್ರಿಪ್ಸ್ ಜೊತೆಗೆ ಅದು ಶೇಂಗಾಕ್ಕೆ ದಾಟಿತು. ಹಾಗಾಗಿ ಬದು, ದಾರಿ, ಬೀಳು ಜಾಗದ ಪಾರ್ಥೇನಿಯಂ ಅನ್ನು ಹೂಬಿಡುವ ಮೊದಲೇ ಕೀಳಬೇಕು. ಸುತ್ತ ಹಾಕಿದ ಜೋಳ, ಸಜ್ಜೆಯ ಸಾಲುಗಳು ಗಾಳಿಯಲ್ಲಿ ತೇಲಿ ಬರುವ ಥ್ರಿಪ್ಸ್ ಅನ್ನು ತಡೆಯುತ್ತವೆ.

ಟಿಕ್ಕಾ ಎಂದು ಕರೆಯುವ ಎಲೆಚುಕ್ಕೆ ರೋಗ 35-40 ದಿನದ ಮೇಲೆ ಕೆಳಗಿನ ಎಲೆಗಳಲ್ಲಿ ಮೊದಲು ಕಾಣುತ್ತದೆ. ಚುಕ್ಕೆ ಕಂಡೊಡನೆ ಟೆಬುಕೊನಜೋಲ್ ಶಿಲೀಂಧ್ರನಾಶಕವನ್ನು ಲೀಟರಿಗೆ 1 ಮಿ.ಲೀ. ಬೆರೆಸಿ ಸಿಂಪಡಿಸಿ, ಅಗತ್ಯವಿದ್ದರೆ 15 ದಿನ ಬಿಟ್ಟು ಮತ್ತೊಮ್ಮೆ. ರೋಗ ತಾಳುವ ತಳಿ ಹಾಕಿದವರಿಗೆ ಈ ಖರ್ಚು ಬಹುತೇಕ ಉಳಿಯುತ್ತದೆ. ಕಾಡುಹಂದಿ, ಕರಡಿಯ ಕಾಟವಿರುವ ಕಡೆ ಕಾಯಿ ಬಲಿಯುವ ತಿಂಗಳು ಪೂರ್ತಿ ಕಾವಲು ಬೇಕೇ ಬೇಕು, ಅದನ್ನೂ ಖರ್ಚಿಗೆ ಬರೆದುಕೊಳ್ಳಿ. ಬೇಲಿಗೆ ನೇರವಾಗಿ ಕರೆಂಟು ಹರಿಸುವುದು ಕಾನೂನುಬಾಹಿರ, ಮನುಷ್ಯರ ಜೀವವೂ ಹೋಗುತ್ತದೆ.

ನೀರು

ಹೂ ಬಿಡುವಾಗ, ಊಡು ಇಳಿಯುವಾಗ, ಕಾಯಿ ತುಂಬುವಾಗ, ಈ ಮೂರು ಹಂತಗಳಲ್ಲಿ ತೇವ ತಪ್ಪಬಾರದು. ಕೃಷಿ ಹೊಂಡ ಇರುವವರು ನೀರನ್ನು ಕಾಯಿ ತುಂಬುವ ಹಂತಕ್ಕೆ ಉಳಿಸಿಕೊಳ್ಳಿ. ತುಂತುರು ನೀರಾವರಿಯಲ್ಲಿ ಕೊಟ್ಟ ಒಂದೆರಡು ನೀರು ಆ ಹೊತ್ತಿನಲ್ಲಿ ಬೆಳೆ ಉಳಿಸುತ್ತದೆ.

ಕೀಳುವುದು, ಒಣಗಿಸುವುದು

ತಳಿಯ ಅವಧಿ 105 ದಿನ ಎಂದಿದ್ದರೆ 95ನೇ ದಿನದಿಂದಲೇ ನೋಡುತ್ತಿರಿ. ಹೊಲದ ನಾಲ್ಕೈದು ಕಡೆ ಒಂದೊಂದು ಗಿಡ ಕಿತ್ತು, ಕಾಯಿ ಒಡೆದು ಸಿಪ್ಪೆಯ ಒಳಮೈ ನೋಡಿ. ಎಳೆಯದಾದರೆ ಹತ್ತಿಯಂತೆ ಬೆಳ್ಳಗಿರುತ್ತದೆ. ಬಲಿತಂತೆಲ್ಲ ಕಂದು, ಕಪ್ಪು ಕಲೆ ಮೂಡುತ್ತದೆ, ಬೀಜದ ಮೇಲಿನ ಸಿಪ್ಪೆಗೆ ಅದರ ನಿಜವಾದ ಬಣ್ಣ ಬಂದಿರುತ್ತದೆ. ನಾಲ್ಕರಲ್ಲಿ ಮೂರು ಕಾಯಿ ಹೀಗಿದ್ದರೆ ಕೀಳುವ ಕಾಲ ಬಂತು. ನಮ್ಮ ಗೊಂಚಲು ತಳಿಗಳಲ್ಲಿ ಬಹುತೇಕಕ್ಕೆ ಸುಪ್ತಾವಸ್ಥೆ, ಅಂದರೆ ಬಲಿತ ಮೇಲೂ ಕೆಲಕಾಲ ಮೊಳೆಯದೆ ಇರುವ ಗುಣ, ಇಲ್ಲ. ಬಲಿತ ಮೇಲೆ ತಡಮಾಡಿದರೆ, ಒಂದು ಮಳೆ ಬಿದ್ದರೆ, ಕಾಯಿ ಮಣ್ಣಿನಲ್ಲೇ ಮೊಳೆಯುತ್ತದೆ. ಕೂಲಿಯಾಳನ್ನು, ಕಾಯಿ ಬಿಡಿಸುವ ಯಂತ್ರವನ್ನು ವಾರ ಮೊದಲೇ ಗೊತ್ತುಪಡಿಸಿ, ಏಕೆಂದರೆ ಊರಿಗೆ ಊರೇ ಒಂದೇ ವಾರದಲ್ಲಿ ಕೀಳುತ್ತದೆ.

ಕಿತ್ತ ಗಿಡಗಳನ್ನು ಕಾಯಿ ಮೇಲಾಗುವಂತೆ ಸಾಲಾಗಿ ತಿರುವಿ ಹಾಕಿ ಮೂರ್ನಾಲ್ಕು ದಿನ ಆರಿಸಿ. ಆಮೇಲೆ ಕಾಯಿ ಬಿಡಿಸಿ, ಕಣದಲ್ಲಿ ತೆಳ್ಳಗೆ ಹರಡಿ, ದಿನಕ್ಕೆ ಎರಡು ಮೂರು ಸಲ ಕೈಯಾಡಿಸಿ. ಹಸಿ ಗಿಡವನ್ನು ಬಣವೆ ಹಾಕುವುದು, ಹಸಿ ಕಾಯಿಯನ್ನು ಚೀಲಕ್ಕೆ ತುಂಬುವುದು, ಇವೆರಡನ್ನೂ ಯಾವ ಕಾರಣಕ್ಕೂ ಮಾಡಬೇಡಿ. ಒಳಗೆ ಬಿಸಿಯೇರಿ ಹಸಿರು ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಕ್ಯಾನ್ಸರ್ ತರಬಲ್ಲದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಮನೆಯ ಮಕ್ಕಳು ತಿನ್ನುವ ಚಟ್ನಿಪುಡಿ, ಹೋಳಿಗೆಗೆ ಹೋಗುವುದೂ ಇದೇ ಶೇಂಗಾ ಎಂಬುದು ನೆನಪಿರಲಿ. ಬೂಷ್ಟು ಹಿಡಿದ, ಒಡೆದ, ಹುಳು ಕೊರೆದ ಕಾಯಿಗಳನ್ನು ಬೇರೆ ತೆಗೆದು ಹಾಕಿ, ದನಕ್ಕೂ ಹಾಕಬೇಡಿ. ಕೊನೆಯ ಮೂರ್ನಾಲ್ಕು ವಾರ ಬರ ಬಿದ್ದ ಬೆಳೆಯಲ್ಲಿ ಈ ಶಿಲೀಂಧ್ರ ಮಣ್ಣಿನಲ್ಲಿದ್ದಾಗಲೇ ಸೇರಿಕೊಂಡಿರುತ್ತದೆ, ಅಂಥ ವರ್ಷ ಆರಿಸುವುದರಲ್ಲಿ ಇನ್ನೂ ಎಚ್ಚರ ಬೇಕು.

ತೇವ ಶೇ 8ಕ್ಕೆ ಇಳಿಯಬೇಕು. ಯಂತ್ರವಿಲ್ಲದೆಯೂ ಇದನ್ನು ಅಂದಾಜಿಸಬಹುದು: ಕಾಯಿ ಅಲುಗಿಸಿದರೆ ಒಳಗೆ ಗಲಗಲ ಎನ್ನಬೇಕು, ಬೀಜವನ್ನು ಬೆರಳಿನಲ್ಲಿ ಉಜ್ಜಿದರೆ ಮೇಲಿನ ಸಿಪ್ಪೆ ಸುಲಭವಾಗಿ ಬಿಡಬೇಕು. ಗೋಣಿಚೀಲಗಳನ್ನು ಗೋಡೆಯಿಂದ ದೂರ, ಮರದ ಹಲಗೆಯ ಮೇಲೆ ಜೋಡಿಸಿ. ಮುಂದಿನ ವರ್ಷದ ಬೀಜಕ್ಕೆ ರೋಗವಿಲ್ಲದ ಜಾಗದ ಗಿಡಗಳನ್ನು ಮೊದಲೇ ಗುರುತಿಸಿ, ಅವುಗಳ ಕಾಯಿಯನ್ನು ಉರಿಬಿಸಿಲಿನಲ್ಲಿ ಸುಡಿಸದೆ ಆರಿಸಿ, ಕಾಯಿಯ ರೂಪದಲ್ಲೇ ಇಡಿ. ಸುಲಿದಿಟ್ಟ ಬೀಜ ಬೇಗ ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ.

ಮಾರಾಟ

ಮಾರುಕಟ್ಟೆಗೆ ಹೋಗುವ ಮುನ್ನ ನಿಮ್ಮ ಕಾಯಿಯ ಗುಣ ನಿಮಗೆ ಗೊತ್ತಿರಲಿ. ರಾಶಿಯ ಬೇರೆ ಬೇರೆ ಕಡೆಯಿಂದ 200 ಗ್ರಾಂ ಕಾಯಿ ತೂಗಿ, ಸುಲಿದು, ಬೀಜ ತೂಗಿ. 140 ಗ್ರಾಂ ಬಂದರೆ ಶೇ 70, ಒಳ್ಳೆಯ ಮಾಲು. 130ಕ್ಕಿಂತ ಕೆಳಗೆ ಬಂದರೆ ಪೊಳ್ಳು ಹೆಚ್ಚಿದೆ, ತೂರಿ ಹಸನು ಮಾಡಿಸಿ. ವರ್ತಕರು ಒಂದು ಹಿಡಿ ಕಾಯಿಯನ್ನು ಬೆರಳಲ್ಲಿ ಒಡೆದು ನೋಡುವುದೂ ಇದನ್ನೇ. ಮಣ್ಣು, ಕಡ್ಡಿ ತೆಗೆದು ದಪ್ಪ ಕಾಯಿ, ಸಣ್ಣ ಕಾಯಿ ಬೇರ್ಪಡಿಸಿದ ರಾಶಿಗೆ ಆನ್‌ಲೈನ್ ಟೆಂಡರಿನಲ್ಲಿ ದರ ಹೆಚ್ಚು ಬೀಳುತ್ತದೆ. ಟೆಂಡರಿನ ದರ ಒಪ್ಪಿಗೆಯಾಗದಿದ್ದರೆ ಮಾರದೇ ಉಳಿಸಿಕೊಳ್ಳುವ ಹಕ್ಕು ನಿಮಗಿದೆ. ತೂಕದ ಚೀಟಿ, ಬಿಲ್ಲು ಪಡೆಯದೆ ಬರಬೇಡಿ. ಬೆಂಬಲ ಬೆಲೆ ಖರೀದಿ ಕೇಂದ್ರ ತೆರೆಯುವ ಸುದ್ದಿ ಬಂದೊಡನೆ ನೋಂದಾಯಿಸಿ, ಅದಕ್ಕೆ ದಿನಾಂಕದ ಮಿತಿಯೂ ಪ್ರತಿ ರೈತರಿಂದ ಕೊಳ್ಳುವ ಪ್ರಮಾಣದ ಮಿತಿಯೂ ಇರುತ್ತದೆ.

ಇನ್ನು ಗಾಣದ ಲೆಕ್ಕ. ಒಂದು ಕ್ವಿಂಟಲ್ ಕಾಯಿ ಸುಲಿದರೆ 70 ಕೆ.ಜಿ. ಬೀಜ. ಗಾಣದಲ್ಲಿ ಶೇ 40ರಷ್ಟು ಎಣ್ಣೆ ಬಿಟ್ಟರೆ 28 ಕೆ.ಜಿ., ಅಂದರೆ ಸುಮಾರು 30 ಲೀಟರ್. ಹಿಂಡಿ 40 ಕೆ.ಜಿ. ಆಸುಪಾಸು. ಈ ಎರಡರ ಬೆಲೆ ಕೂಡಿಸಿ, ಸುಲಿಯುವ ಕೂಲಿ, ಗಾಣದ ಬಾಡಿಗೆ, ಬಾಟಲಿ, ಸಾಗಣೆ ಕಳೆದು ನೋಡಿ. ನೇರ ಗಿರಾಕಿ ಇದ್ದರೆ ಕಾಯಿ ಮಾರುವುದಕ್ಕಿಂತ ಇದು ಲಾಭದಾಯಕ. ಆದರೆ ಮೊದಲ ವರ್ಷ ಬಾಡಿಗೆ ಗಾಣದಲ್ಲಿ ಎರಡು ಕ್ವಿಂಟಲ್ ಮಾತ್ರ ಆಡಿಸಿ, ನೆಂಟರಿಷ್ಟರಾಚೆಗೂ ಕೊಳ್ಳುವವರು ಸಿಗುತ್ತಾರೆಯೇ ನೋಡಿ. ಎಣ್ಣೆ ಮಾರಲು ಎಫ್.ಎಸ್.ಎಸ್.ಎ.ಐ. (ಕೇಂದ್ರದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ನೋಂದಣಿ ಕಡ್ಡಾಯ. ಸ್ವಂತ ಗಾಣ ಹಾಕುವವರಿಗೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಕೇಂದ್ರದ ಶೇ 35ರ ಜೊತೆಗೆ ರಾಜ್ಯದ ಶೇ 15 ಸೇರಿ ಗರಿಷ್ಠ 15 ಲಕ್ಷ ರೂಪಾಯಿವರೆಗೆ ಸಹಾಯಧನ ಸಿಗುತ್ತಿತ್ತು. ಯೋಜನೆಯ ಅವಧಿ 2025-26ರವರೆಗೆ ಎಂದು ನಿಗದಿಯಾಗಿದ್ದರಿಂದ ಈಗಿನ ಸ್ಥಿತಿಯನ್ನು ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿಕೊಂಡು ಮುಂದುವರಿಯಿರಿ. ಒಬ್ಬರ ಎರಡು ಎಕರೆಯ ಕಾಯಿ ಒಂದು ಗಾಣಕ್ಕೆ ವರ್ಷವಿಡೀ ಕೆಲಸ ಕೊಡುವುದಿಲ್ಲ. ಅಕ್ಕಪಕ್ಕದ ನಾಲ್ಕಾರು ಬೆಳೆಗಾರರು ಒಂದೇ ತಳಿ ಹಾಕಿ, ಒಂದೇ ಬಗೆಯಲ್ಲಿ ಒಣಗಿಸಿ, ಕೂಡಿ ಹಾಕುವ ಗಾಣವಾದರೆ ಸಾಲದ ಕಂತು ಕಟ್ಟುವಷ್ಟು ಕೆಲಸ ಅದಕ್ಕೆ ಸಿಗುತ್ತದೆ.